ಮಕ್ಕಳ ಓದಿನ ಖರ್ಚು: ಯಾವ ದೇಶದಲ್ಲಿ ಯಾರ ಜೇಬಿನಿಂದ? ಕರಾವಳಿಯ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ಬ್ಯಾಂಕಿನ ಶಿಕ್ಷಣ ಸಾಲದ ಟೇಬಲ್‌ನಲ್ಲಿ ವರ್ಷಾನುಗಟ್ಟಲೆ ಕೂತವಳು ನಾನು. ನಿವೃತ್ತಿ ಆದ ಮೇಲೂ ಪಿಯುಸಿ ರಿಸಲ್ಟ್ ಬಂದ ವಾರ ಫೋನ್ ನಿಲ್ಲುವುದಿಲ್ಲ. ಮಂಗಳೂರು, ಕಾಪು, ಬ್ರಹ್ಮಾವರ, ಕುಂದಾಪುರ, ಎಲ್ಲ ಕಡೆಯಿಂದ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳು ಸುಮಾರಾಗಿ ಅವೇ. ಈಗೀಗ ಅದರ ಜೊತೆಗೆ "ಬೇರೆ ದೇಶದಲ್ಲಿ ಹೇಗೆ ಮೇಡಂ?" ಅನ್ನೋದೂ ಸೇರಿಕೊಂಡಿದೆ. ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟರೆ ಅನುಕೂಲ ಅಂತ ಇದನ್ನು ಬರೆಯುತ್ತಿದ್ದೇನೆ.

ಬೇರೆ ದೇಶಗಳಲ್ಲಿ ಒಂದು ಮಗುವಿನ ಓದಿಗೆ ಅಪ್ಪ ಅಮ್ಮ ಎಷ್ಟು ಖರ್ಚು ಮಾಡುತ್ತಾರೆ?

ಎಲ್ಲರೂ ಎತ್ತಿ ಹೇಳುವ ಅಂಕಿ 2017ರದ್ದು. ಎಚ್‌ಎಸ್‌ಬಿಸಿ ಬ್ಯಾಂಕ್ 15 ದೇಶ-ಪ್ರದೇಶಗಳ ಪೋಷಕರನ್ನು ಕೇಳಿ ಒಂದು ಸಮೀಕ್ಷೆ ಮಾಡಿತ್ತು. ಪ್ರಾಥಮಿಕ ಶಾಲೆಯಿಂದ ಡಿಗ್ರಿ ಮುಗಿಯುವ ತನಕ ಮನೆಯವರು ಕೈಯಿಂದ ಹಾಕುವ ದುಡ್ಡು ಎಷ್ಟು ಅನ್ನೋದು ಪ್ರಶ್ನೆ. ಫೀಸು, ಪುಸ್ತಕ, ಓಡಾಟ, ಉಳಿಯುವ ವ್ಯವಸ್ಥೆ ಎಲ್ಲ ಸೇರಿ.

ಹಾಂಗ್‌ಕಾಂಗ್ ಎಲ್ಲರಿಗಿಂತ ಮೇಲೆ, 1,32,161 ಡಾಲರ್. ಆಮೇಲೆ ಯುಎಇ, 99,378. ಸಿಂಗಾಪುರ 70,939. ಅಮೆರಿಕ 58,464. ಭಾರತ 18,909. ಪಟ್ಟಿಯ ಕೊನೆಯಲ್ಲಿ ಫ್ರಾನ್ಸ್, 16,708. ಎಲ್ಲ ಸೇರಿದ ಸರಾಸರಿ 44,221 ಡಾಲರ್. ಆಗ ಡಾಲರಿಗೆ ಸುಮಾರು 65 ರೂಪಾಯಿ. ಹಾಗಾಗಿ ಹಾಂಗ್‌ಕಾಂಗಿನದ್ದು 86 ಲಕ್ಷದ ಹತ್ತಿರ, ನಮ್ಮದು 12 ಲಕ್ಷ ಚಿಲ್ಲರೆ.

ಹಾಗಾದರೆ ನಾವು ಕಡಿಮೆ ಖರ್ಚು ಮಾಡುವವರು ಅಂತ ಆಯ್ತಲ್ಲ?

ಇಲ್ಲ. ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ಇದೊಂದು ಅರ್ಥ ಆದರೆ ಉಳಿದದ್ದೆಲ್ಲ ಸುಲಭ.

ಡಾಲರಿನಲ್ಲಿ ಹೋಲಿಸಬೇಡಿ. ಆ ದೇಶದವರ ದುಡಿಮೆಯ ಜೊತೆ ಹೋಲಿಸಿ. 2017ರಲ್ಲಿ ಭಾರತದ ತಲಾ ವರಮಾನ ವರ್ಷಕ್ಕೆ ಸುಮಾರು 2,000 ಡಾಲರ್. ಹಾಂಗ್‌ಕಾಂಗಿನದ್ದು 46,000ದ ಆಸುಪಾಸು. ಫ್ರಾನ್ಸಿನದ್ದು 38,000 ದಾಟಿತ್ತು. ಈಗ ಭಾಗಿಸಿ ನೋಡಿ. ಹಾಂಗ್‌ಕಾಂಗಿನಲ್ಲಿ ಒಂದು ಮಗುವನ್ನು ಓದಿಸಲು ಸುಮಾರು ಮೂರು ವರ್ಷದ ತಲಾ ವರಮಾನ ಬೇಕು. ಫ್ರಾನ್ಸಿನಲ್ಲಿ ಅರ್ಧ ವರ್ಷದ್ದೂ ಬೇಡ. ಭಾರತದಲ್ಲಿ ಒಂಬತ್ತು ವರ್ಷಕ್ಕಿಂತ ಜಾಸ್ತಿ. ಆ ಸಮೀಕ್ಷೆಗೆ ಉತ್ತರ ಕೊಟ್ಟ ನಮ್ಮವರು ಹೆಚ್ಚಾಗಿ ಪೇಟೆಯ, ಕೈಯಲ್ಲಿ ನಾಲ್ಕು ಕಾಸು ಇರುವ ಮನೆಯವರು ಅನ್ನೋದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಹಾಗಿದ್ದರೂ ಹೊರೆ ಯಾರ ಮೇಲೆ ಜಾಸ್ತಿ ಅಂತ ಇದರಲ್ಲೇ ಕಾಣುತ್ತದೆ.

ಯುನೆಸ್ಕೋದ 2021-22ರ ಜಾಗತಿಕ ಶಿಕ್ಷಣ ವರದಿ ಇದನ್ನೇ ಬೇರೆ ದಾರಿಯಲ್ಲಿ ಹೇಳುತ್ತದೆ. ಪ್ರಪಂಚದಲ್ಲಿ ಶಿಕ್ಷಣಕ್ಕೆ ಆಗುವ ಒಟ್ಟು ಖರ್ಚಿನಲ್ಲಿ ಶೇ. 30 ಮನೆಯವರದ್ದು. ಶ್ರೀಮಂತ ದೇಶಗಳಲ್ಲಿ ಅದು ಶೇ. 16 ಮಾತ್ರ. ಬಡ ಮತ್ತು ಕೆಳ ಮಧ್ಯಮ ಆದಾಯದ ದೇಶಗಳಲ್ಲಿ ಶೇ. 39. ಇದ್ದವರ ಮನೆಯಲ್ಲಿ ಸರ್ಕಾರ ಕೊಡುತ್ತದೆ, ಇಲ್ಲದವರ ಮನೆಯಲ್ಲಿ ಅಪ್ಪ ಅಮ್ಮ ಕೊಡುತ್ತಾರೆ. ಇದು ನ್ಯಾಯ ಅಲ್ಲ. ಎಷ್ಟು ಖರ್ಚು ಅನ್ನೋದಕ್ಕಿಂತ ಯಾರು ಕೊಡುತ್ತಾರೆ, ಯಾವಾಗ ಕೊಡುತ್ತಾರೆ ಅನ್ನೋದನ್ನೇ ನಾನು ಎಲ್ಲರಿಗೂ ಮೊದಲು ಕೇಳಿ ಅಂತ ಹೇಳುವುದು ಇದಕ್ಕೇ.

ಭಾರತದ ಸರಾಸರಿ ಎಷ್ಟು? ಪೇಪರಿನಲ್ಲಿ ಬರುವ ಅಂಕಿ ನೋಡಿದರೆ ನಮ್ಮ ಮನೆ ಖರ್ಚು ತುಂಬ ಜಾಸ್ತಿ ಅನ್ನಿಸುತ್ತದೆ.

ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಿಂದ ಜೂನ್ ತನಕ ಒಂದು ಶಿಕ್ಷಣ ಸಮೀಕ್ಷೆ ಮಾಡಿತು. ಅದರ ಪ್ರಕಾರ ಸರ್ಕಾರಿ ಶಾಲೆಗೆ ಹೋಗುವ ಒಂದು ಮಗುವಿಗೆ ಮನೆಯವರಿಗೆ ವರ್ಷಕ್ಕೆ ಬೀಳುವ ಖರ್ಚು ಸರಾಸರಿ 2,863 ರೂಪಾಯಿ. ಸರ್ಕಾರಿ ಅಲ್ಲದ ಶಾಲೆಯಾದರೆ 25,002. ದೇಶದ ಶೇ. 55.9 ಮಕ್ಕಳು ಸರ್ಕಾರಿ ಶಾಲೆಯಲ್ಲೇ ಇದ್ದಾರೆ. ಹಳ್ಳಿಯಲ್ಲಿ ಶೇ. 66, ಪೇಟೆಯಲ್ಲಿ ಶೇ. 30.

ಮಂಗಳೂರಿನ ಪೋಷಕರಿಗೆ 25 ಸಾವಿರ ಕೇಳಿದರೆ ಎಲ್‌ಕೆಜಿಗೂ ಸಾಲದು ಅನ್ನಿಸಬಹುದು. ಆದರೆ ಇದು ಸರಾಸರಿ. ತಿಂಗಳಿಗೆ ಕೆಲವು ನೂರು ರೂಪಾಯಿ ತೆಗೆದುಕೊಳ್ಳುವ ಸಣ್ಣ ಖಾಸಗಿ ಶಾಲೆಯೂ ಇದರಲ್ಲಿದೆ, ಎಸಿ ಬಸ್ಸಿನ ಶಾಲೆಯೂ ಇದೆ.

ಅದೇ ಸಮೀಕ್ಷೆಯಲ್ಲಿ ನನಗೆ ಬೇಸರ ತಂದ ಅಂಕಿ ಬೇರೆ. ಶಾಲೆಗೆ ಹೋಗುವ ಮಕ್ಕಳಲ್ಲಿ ಶೇ. 95ರಷ್ಟು ಮಂದಿಗೆ ಓದಿನ ದುಡ್ಡು ಮೊದಲು ಬರುವುದು ಮನೆಯವರಿಂದ. ಸರ್ಕಾರಿ ಸ್ಕಾಲರ್‌ಶಿಪ್ಪೇ ಮುಖ್ಯ ಆಸರೆ ಅಂತ ಹೇಳಿದವರು ಶೇ. 1.2 ಮಾತ್ರ.

ಶಾಲೆಯವರು ಹೇಳಿದ ಫೀಸೇ ಬೇರೆ, ವರ್ಷದ ಕೊನೆಗೆ ಆಗುವ ಖರ್ಚೇ ಬೇರೆ. ಯಾಕೆ ಹೀಗೆ?

ಫೀಸು ಅಂತ ಶಾಲೆ ಹೇಳುವುದು ಬೋಧನಾ ಶುಲ್ಕವನ್ನು. ಉಳಿದದ್ದನ್ನು ಒಂದೊಂದಾಗಿ ಹೇಳುತ್ತಾರೆ, ಒಂದೇ ಸಲ ಹೇಳುವುದಿಲ್ಲ.

ಒಮ್ಮೆ ಮಲ್ಪೆ ಕಡೆಯ ಒಬ್ಬ ತಾಯಿ ಒಂದು ಪ್ಲಾಸ್ಟಿಕ್ ಕವರ್ ತುಂಬ ರಸೀದಿ ತಂದು ನನ್ನ ಟೇಬಲ್ ಮೇಲೆ ಸುರಿದರು. "ಮೇಡಂ, ಸ್ಕೂಲಿನವರು ಹೇಳಿದ್ದು ಅಷ್ಟೇ, ಈಗ ಇಷ್ಟು ಆಗಿ ಉಂಟು. ಎಲ್ಲಿ ಹೋಯಿತು ಅಂತ ಗೊತ್ತೇ ಆಗುವುದಿಲ್ಲ" ಅಂದರು. ಇಬ್ಬರೂ ಕೂತು ಒಂದೊಂದೇ ರಸೀದಿ ಬಿಡಿಸಿ ಸಾಲಾಗಿ ಇಟ್ಟೆವು. ಬೋಧನಾ ಶುಲ್ಕ, ಅಭಿವೃದ್ಧಿ ಶುಲ್ಕ, ಸ್ಮಾರ್ಟ್ ಕ್ಲಾಸ್, ಕಂಪ್ಯೂಟರ್. ಶಾಲೆಯ ಹೆಸರು ಅಚ್ಚಾದ ನೋಟ್‌ಬುಕ್ಕಿನ ಕಟ್ಟು. ಎರಡು ಜೊತೆ ಯೂನಿಫಾರಂ, ಬುಧವಾರಕ್ಕೆ ಬೇರೆ ಬಣ್ಣದ್ದು ಒಂದು ಜೊತೆ, ಅದಕ್ಕೆ ಬೇರೆ ಶೂ. ವ್ಯಾನಿನ ಬಾಡಿಗೆಗೆ ರಸೀದಿಯೇ ಇಲ್ಲ, ಒಂದು ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಬರೆದಿತ್ತು. ವಾರ್ಷಿಕೋತ್ಸವದ ಡ್ಯಾನ್ಸಿಗೆ ಬಾಡಿಗೆ ಡ್ರೆಸ್. ಸಂಜೆಯ ಟ್ಯೂಷನ್. ಕೂಡಿಸಿ ನೋಡಿದಾಗ ಬೋಧನಾ ಶುಲ್ಕ ಒಟ್ಟು ಖರ್ಚಿನ ಅರ್ಧಕ್ಕೂ ಬರಲಿಲ್ಲ. ಆ ತಾಯಿ ಸುಮ್ನೆ ಕೂತು ಲೆಕ್ಕವನ್ನೇ ನೋಡುತ್ತಿದ್ದರು.

ಅವರು ಒಂದು ರೂಪಾಯಿಯನ್ನೂ ದುಂದು ಮಾಡಿರಲಿಲ್ಲ. ಪೂರ್ತಿ ಲೆಕ್ಕವನ್ನು ಯಾರೂ ಅವರ ಮುಂದೆ ಮೊದಲೇ ಇಟ್ಟಿರಲಿಲ್ಲ, ಅಷ್ಟೇ. ಹಾಗಾಗಿ ಸೀಟು ತೆಗೆದುಕೊಳ್ಳುವ ಮೊದಲು ಶಾಲೆಯ ಆಫೀಸಿನಲ್ಲಿ ಕೇಳಿ: "ಹೋದ ವರ್ಷ ಇದೇ ಕ್ಲಾಸಿನ ಒಂದು ಮಗುವಿಗೆ ಜೂನ್‌ನಿಂದ ಮಾರ್ಚ್ ತನಕ ಒಟ್ಟು ಎಷ್ಟಾಯಿತು?" ಆಫೀಸಿನವರು ಹೇಳದಿದ್ದರೆ ಗೇಟಿನ ಹೊರಗೆ ಮಗುವನ್ನು ಕರೆದುಕೊಂಡು ಹೋಗಲು ನಿಂತ ಇನ್ನೊಬ್ಬ ತಾಯಿಯನ್ನು ಕೇಳಿ. ಅವರು ಖಂಡಿತ ಹೇಳುತ್ತಾರೆ.

ಟ್ಯೂಷನ್ ಹುಚ್ಚು ನಮ್ಮಲ್ಲಿ ಮಾತ್ರವಾ?

ದಕ್ಷಿಣ ಕೊರಿಯಾದ ಮುಂದೆ ನಾವು ಏನೂ ಅಲ್ಲ. ಅಲ್ಲಿ ಖಾಸಗಿ ಟ್ಯೂಷನ್ ಸೆಂಟರಿಗೆ ಹಗ್ವಾನ್ ಅನ್ನುತ್ತಾರೆ. 2024ರಲ್ಲಿ ಶಾಲಾ ಮಕ್ಕಳ ಟ್ಯೂಷನ್ನಿಗೆ ಕೊರಿಯಾದ ಮನೆಗಳು ಹಾಕಿದ್ದು 29.2 ಲಕ್ಷ ಕೋಟಿ ವೋನ್. ನಮ್ಮ ಲೆಕ್ಕದಲ್ಲಿ ಒಂದು ಮುಕ್ಕಾಲು ಲಕ್ಷ ಕೋಟಿ ರೂಪಾಯಿ. ನೂರಕ್ಕೆ 80 ಮಕ್ಕಳು ಟ್ಯೂಷನ್ನಿಗೆ ಹೋಗುತ್ತಾರೆ. ಹೋಗದವರನ್ನೂ ಸೇರಿಸಿದರೆ ತಲೆಗೆ ತಿಂಗಳಿಗೆ 4,74,000 ವೋನ್, ಅಂದರೆ 28-29 ಸಾವಿರ ರೂಪಾಯಿ. ಸರ್ಕಾರಿ ಶಾಲೆ ಚೆನ್ನಾಗಿದೆ, ಫೀಸು ಇಲ್ಲ. ಆದರೂ ಮನೆ ಬರಿದಾಗುತ್ತದೆ.

ಅಲ್ಲಿನ ಸರ್ಕಾರ 1980ರಲ್ಲಿ ಖಾಸಗಿ ಟ್ಯೂಷನ್ನನ್ನೇ ನಿಷೇಧ ಮಾಡಿತ್ತು. ಕದ್ದುಮುಚ್ಚಿ ನಡೆಯಿತು. 2000ದಲ್ಲಿ ಸಂವಿಧಾನ ನ್ಯಾಯಾಲಯ ಆ ನಿಷೇಧವನ್ನು ರದ್ದು ಮಾಡಿತು. ಆಮೇಲೆ ಸೋಲ್ ನಗರದಲ್ಲಿ ರಾತ್ರಿ 10ರ ನಂತರ ಹಗ್ವಾನ್ ನಡೆಸಬಾರದು ಅಂತ ನಿಯಮ ಬಂತು. ರಾತ್ರಿ ಹತ್ತು ಗಂಟೆಗೆ ಮಕ್ಕಳನ್ನು ಮನೆಗೆ ಕಳಿಸಿ ಅಂತ ಕಾನೂನು ಮಾಡಬೇಕಾಯಿತು ಅಂದರೆ ಸ್ಥಿತಿ ಏನು ಅಂತ ಯೋಚಿಸಿ. ಒಬ್ಬ ಹೆಂಗಸಿಗೆ ಸರಾಸರಿ ಎಷ್ಟು ಮಕ್ಕಳು ಅನ್ನೋ ಲೆಕ್ಕದಲ್ಲಿ ಕೊರಿಯಾ ಪ್ರಪಂಚದಲ್ಲೇ ತೀರಾ ಕೆಳಗಿದೆ, 2023ರಲ್ಲಿ 0.72. ಮಕ್ಕಳು ಬೇಡ ಅನ್ನುವ ದಂಪತಿಗಳು ಹೇಳುವ ಕಾರಣಗಳಲ್ಲಿ ಓದಿಸುವ ಖರ್ಚೂ ಒಂದು.

ಚೀನಾ 2021ರ ಜುಲೈಯಲ್ಲಿ ಶಾಲೆಯ ಮುಖ್ಯ ವಿಷಯಗಳಿಗೆ ಲಾಭಕ್ಕಾಗಿ ಟ್ಯೂಷನ್ ನಡೆಸುವುದನ್ನು ನಿಲ್ಲಿಸಿತು. ದೊಡ್ಡ ದೊಡ್ಡ ಕಂಪನಿಗಳು ಒಮ್ಮೆಲೇ ಮುಚ್ಚಿದವು. ಅನುಕೂಲಸ್ಥರು ಮನೆಗೇ ಮೇಷ್ಟ್ರನ್ನು ಕರೆಸಿಕೊಂಡರು.

ಜಪಾನಿನಲ್ಲಿ ಸರ್ಕಾರದ 2021ರ ಲೆಕ್ಕ ಹೀಗಿದೆ: ಕಿಂಡರ್‌ಗಾರ್ಟನ್‌ನಿಂದ ಹೈಸ್ಕೂಲ್ ತನಕ ಪೂರ್ತಿ ಸರ್ಕಾರಿ ಶಾಲೆಯಲ್ಲಿ ಓದಿಸಿದರೆ ಮನೆಯವರಿಗೆ ಸುಮಾರು 57 ಲಕ್ಷ ಯೆನ್. ಪೂರ್ತಿ ಖಾಸಗಿಯಾದರೆ ಸುಮಾರು 184 ಲಕ್ಷ ಯೆನ್. ಮೂರು ಪಟ್ಟಿಗೂ ಜಾಸ್ತಿ.

ನಮ್ಮ ದೇಶದಲ್ಲಿ 2025ರ ಸಮೀಕ್ಷೆ ಪ್ರಕಾರ ಶೇ. 27 ಮಕ್ಕಳು ಟ್ಯೂಷನ್ ಅಥವಾ ಕೋಚಿಂಗಿಗೆ ಹೋಗುತ್ತಾರೆ. ಪೇಟೆಯಲ್ಲಿ ಶೇ. 30.7.

ನಮ್ಮ ಎರಡು ಜಿಲ್ಲೆಗಳಲ್ಲಿ ಪಿಯುಸಿ ಯಾಕೆ ಇಷ್ಟು ದುಬಾರಿ?

ರಿಸಲ್ಟಿನ ಹೆಸರು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಅದಲು ಬದಲು. ದ್ವಿತೀಯ ಪಿಯುಸಿಯಲ್ಲೂ ಎರಡೂ ವರ್ಷ ಮೊದಲ ಎರಡು ಸ್ಥಾನ ಇವೇ ಎರಡು ಜಿಲ್ಲೆಗಳಿಗೆ. ಹೀಗಾಗಿ ಬೆಳಗಾವಿ, ಶಿವಮೊಗ್ಗ, ಚಿತ್ರದುರ್ಗದಿಂದ ಮಕ್ಕಳು ಹಾಸ್ಟೆಲಿಗೆ ಬರುತ್ತಾರೆ. ಪಿಯುಸಿ, ಹಾಸ್ಟೆಲ್, ಊಟ, ಸಿಇಟಿ-ನೀಟ್ ಕೋಚಿಂಗ್ ಎಲ್ಲವನ್ನೂ ಒಂದೇ ಕಟ್ಟಾಗಿ ಮಾರುವ ಕಾಲೇಜುಗಳು ಬೆಳೆದಿವೆ. ಎರಡು ವರ್ಷದ ಆ ಕಟ್ಟಿಗೆ ಕೊಡುವ ದುಡ್ಡು ಎಷ್ಟೋ ಸಲ ಆಮೇಲಿನ ನಾಲ್ಕು ವರ್ಷದ ಸರ್ಕಾರಿ ಎಂಜಿನಿಯರಿಂಗ್ ಸೀಟಿಗಿಂತ ಜಾಸ್ತಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಪಿಯುಸಿಗೇ ಜಾಗ ಮಾರಬೇಡಿ, ದೊಡ್ಡ ಸಾಲ ಮಾಡಬೇಡಿ. ಬ್ಯಾಂಕಿನ ಶಿಕ್ಷಣ ಸಾಲ ಸಾಮಾನ್ಯವಾಗಿ ಸಿಗುವುದು ಪಿಯುಸಿ ಮುಗಿದ ಮೇಲಿನ ಕೋರ್ಸಿಗೆ. ಪಿಯುಸಿಗೆ ಸಿಗುವುದು ಕೈಸಾಲ, ಚಿನ್ನದ ಸಾಲ, ಸೊಸೈಟಿ ಸಾಲ. ಅದನ್ನು ಆ ತಿಂಗಳಿನಿಂದಲೇ ತೀರಿಸಬೇಕು. ಮಗ ಇನ್ನೂ ಡಿಗ್ರಿಗೆ ಕಾಲಿಡುವ ಮೊದಲೇ ಮನೆ ಬಸವಳಿದಿರುತ್ತದೆ.

ಜರ್ಮನಿಯಲ್ಲಿ ಓದು ಪುಕ್ಕಟೆ ಅಂತಾರೆ, ನಿಜವಾ?

ಬಹುಮಟ್ಟಿಗೆ ನಿಜ, ಆದರೆ ಪುಕ್ಕಟೆ ಬೋಧನೆ ಮಾತ್ರ. ಅಲ್ಲಿನ 16 ರಾಜ್ಯಗಳೂ 2014ರ ಹೊತ್ತಿಗೆ ಸರ್ಕಾರಿ ವಿಶ್ವವಿದ್ಯಾಲಯಗಳ ಸಾಮಾನ್ಯ ಬೋಧನಾ ಶುಲ್ಕ ತೆಗೆದುಹಾಕಿದವು. ಸೆಮಿಸ್ಟರಿಗೆ ಒಂದಿಷ್ಟು ಆಡಳಿತ ಶುಲ್ಕ ಕಟ್ಟಬೇಕು, ಅಷ್ಟೇ. ಆದರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಹಾಕುತ್ತದೆ.

ಆದರೆ ಬದುಕಬೇಕಲ್ಲ! ವೀಸಾ ಸಿಗಬೇಕಾದರೆ ಒಂದು ವರ್ಷದ ಜೀವನ ಖರ್ಚಿನ ದುಡ್ಡನ್ನು ಮೊದಲೇ ಒಂದು ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ. ನಮ್ಮ ದುಡ್ಡಿನಲ್ಲಿ 11 ಲಕ್ಷಕ್ಕೂ ಮೇಲೆ. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ತೆಗೆಯಬಹುದು. ಕೆನಡಾ ಕೂಡ ಇಂಥದ್ದೇ ಮೊತ್ತವನ್ನು 2024ರ ಜನವರಿಯಲ್ಲಿ 10,000 ಕೆನಡಾ ಡಾಲರಿನಿಂದ 20,635ಕ್ಕೆ ಏರಿಸಿತು, 2025ರ ಸೆಪ್ಟೆಂಬರ್‌ನಿಂದ 22,895 ಮಾಡಿದೆ. ಕೆನಡಾದಲ್ಲಿ ಬೋಧನಾ ಶುಲ್ಕ ಬೇರೆ.

ನಾರ್ವೆಯೂ ಪುಕ್ಕಟೆ ಇತ್ತು. 2023ರಿಂದ ಯುರೋಪಿನ ಹೊರಗಿನವರಿಗೆ ಶುಲ್ಕ ಹಾಕುತ್ತಿದೆ. ಫಿನ್ಲೆಂಡ್ 2017ರಲ್ಲೇ ಶುರು ಮಾಡಿತು. ಹಳೆ ವಿಡಿಯೋ ನೋಡಿ ತೀರ್ಮಾನ ಮಾಡಬೇಡಿ.

ಫಿನ್ಲೆಂಡಿನಂಥ ಕಡೆ ಮನೆಯವರಿಗೆ ಖರ್ಚೇ ಇಲ್ಲವಾ? ಅಷ್ಟು ದುಡ್ಡು ಎಲ್ಲಿಂದ ಬರುತ್ತದೆ?

ತೆರಿಗೆಯಿಂದ. ಅಲ್ಲಿನವರು ದುಡಿದದ್ದರಲ್ಲಿ ದೊಡ್ಡ ಪಾಲು ತೆರಿಗೆ ಕಟ್ಟುತ್ತಾರೆ. ಅದು ಶಾಲೆಯಾಗಿ ವಾಪಸ್ ಬರುತ್ತದೆ. ಫಿನ್ಲೆಂಡಿನಲ್ಲಿ 1948ರಿಂದ ಶಾಲೆಯಲ್ಲಿ ಬಿಸಿಯೂಟ ಎಲ್ಲ ಮಕ್ಕಳಿಗೂ ಉಚಿತ, ಬಡವರಿಗೆ ಮಾತ್ರ ಅಂತ ಇಲ್ಲ. 2021ರಲ್ಲಿ ಕಡ್ಡಾಯ ಶಿಕ್ಷಣವನ್ನು 18 ವರ್ಷದ ತನಕ ಎಳೆದರು, ನಮ್ಮ ಪಿಯುಸಿ ಮಟ್ಟದ ಪುಸ್ತಕವೂ ಉಚಿತ ಆಯಿತು. ಡೆನ್ಮಾರ್ಕಿನಲ್ಲಿ ಮನೆಬಿಟ್ಟು ಬೇರೆ ಇರುವ ಕಾಲೇಜು ವಿದ್ಯಾರ್ಥಿಗೆ ಸರ್ಕಾರವೇ ತಿಂಗಳಿಗೆ 6,000 ಕ್ರೋನರ್‌ಗೂ ಮೇಲೆ ಕೊಡುತ್ತದೆ. ಸಾಲ ಅಲ್ಲ, ವಾಪಸ್ ಕೊಡಬೇಕಿಲ್ಲ.

ಅಂದರೆ ಅಲ್ಲಿಯೂ ಜನರೇ ಕೊಡುತ್ತಾರೆ. ವ್ಯತ್ಯಾಸ ಇಷ್ಟೇ. ಮಕ್ಕಳಿಲ್ಲದವರೂ ಕೊಡುತ್ತಾರೆ, ಮಕ್ಕಳು ದೊಡ್ಡವರಾದವರೂ ಕೊಡುತ್ತಾರೆ. ಒಂದು ಮನೆಯ ಮೇಲೆ ಒಂದೇ ಜೂನ್ ತಿಂಗಳಿನಲ್ಲಿ ಎಲ್ಲ ಬಂದು ಬೀಳುವುದಿಲ್ಲ.

ನಮ್ಮಲ್ಲೂ ಇದರ ಬೀಜ ಇದೆ ಅಲ್ವಾ? ಕರ್ನಾಟಕದಲ್ಲಿ 2002ರಲ್ಲಿ ಶುರುವಾದ ಅಕ್ಷರ ದಾಸೋಹದ ಊಟ, 2013ರ ಕ್ಷೀರಭಾಗ್ಯದ ಹಾಲು, ಪಠ್ಯಪುಸ್ತಕ, ಸಮವಸ್ತ್ರ. ಇವೆಲ್ಲ ತೆರಿಗೆ ದುಡ್ಡು ಮಗುವಿನ ತಟ್ಟೆಗೆ ಬರುವ ದಾರಿಗಳೇ.

ಅಮೆರಿಕ, ಇಂಗ್ಲೆಂಡಿನವರು ಹೇಗೆ ನಿಭಾಯಿಸುತ್ತಾರೆ?

ಸಾಲದಲ್ಲಿ. ಅಮೆರಿಕದಲ್ಲಿ 2024-25ಕ್ಕೆ ತಮ್ಮದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದ ಬೋಧನಾ ಶುಲ್ಕ ವರ್ಷಕ್ಕೆ ಸರಾಸರಿ 11,610 ಡಾಲರ್. ಲಾಭರಹಿತ ಖಾಸಗಿ ಕಾಲೇಜಿನಲ್ಲಿ 43,350. ಬಹಳ ವಿದ್ಯಾರ್ಥಿಗಳಿಗೆ ರಿಯಾಯಿತಿ ಸಿಗುತ್ತದೆ, ಪೂರ್ತಿ ಕಟ್ಟುವವರು ಕಡಿಮೆ. ಆದರೂ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲವೇ 1.6 ಲಕ್ಷ ಕೋಟಿ ಡಾಲರಿನಷ್ಟು ಬಾಕಿ ಇದೆ.

ಇಂಗ್ಲೆಂಡಿನಲ್ಲಿ 1998ರ ತನಕ ಅಲ್ಲಿನವರಿಗೆ ಡಿಗ್ರಿ ಪುಕ್ಕಟೆ ಇತ್ತು. 2025-26ಕ್ಕೆ ವರ್ಷಕ್ಕೆ 9,535 ಪೌಂಡ್ ತನಕ ಶುಲ್ಕ. ಆದರೆ ಅಲ್ಲಿನ ಸಾಲದ ರೀತಿ ನೋಡಿ. ಈಚೆಗೆ ಸೇರಿದವರು ವರ್ಷಕ್ಕೆ 25,000 ಪೌಂಡ್ ದುಡಿಯಲು ಶುರು ಮಾಡಿದ ಮೇಲೆ ಮಾತ್ರ ಕಂತು, ಅದೂ ಆ ಮಿತಿಗಿಂತ ಮೇಲಿನ ದುಡಿಮೆಯ ಶೇ. 9. ಕೆಲಸ ಹೋದರೆ ಕಂತು ನಿಲ್ಲುತ್ತದೆ. 40 ವರ್ಷ ಆದ ಮೇಲೆ ಉಳಿದದ್ದು ಮನ್ನಾ. ಅಪ್ಪ ಅಮ್ಮನ ಮನೆ ಪತ್ರ ಯಾರೂ ಕೇಳುವುದಿಲ್ಲ. ಆಸ್ಟ್ರೇಲಿಯಾ 1989ರಿಂದಲೇ ಇಂಥ ಪದ್ಧತಿ ಇಟ್ಟುಕೊಂಡಿದೆ. ನಮ್ಮಲ್ಲೂ ದುಡಿಮೆಗೆ ತಕ್ಕ ಕಂತು ಬರಬೇಕು ಅಂತ ನಾನು ಟೇಬಲ್‌ನಲ್ಲಿ ಇದ್ದಾಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಈ ಸವಲತ್ತು ನಮ್ಮ ಮಕ್ಕಳಿಗೆ ಅಲ್ಲಿ ಸಿಗುವುದಿಲ್ಲ. ಅವರಿಗೆ ವಿದೇಶಿ ವಿದ್ಯಾರ್ಥಿಯ ಶುಲ್ಕ, ಅದು ಎಷ್ಟೋ ಜಾಸ್ತಿ.

ನಾವು ದುಬೈಯಲ್ಲಿ ಇರುವವರು. ಮಕ್ಕಳನ್ನು ಅಲ್ಲೇ ಓದಿಸುವುದಾ, ಊರಿಗೆ ಕಳಿಸುವುದಾ?

ಕರಾವಳಿಯ ಗಲ್ಫ್ ಮನೆಗಳ ಹಳೆ ಪ್ರಶ್ನೆ. ಮೊದಲು ಹೇಳಿದ ಎಚ್‌ಎಸ್‌ಬಿಸಿ ಪಟ್ಟಿಯಲ್ಲಿ ಯುಎಇ ಎರಡನೆಯ ಸ್ಥಾನದಲ್ಲಿ ಇರುವುದಕ್ಕೆ ಕಾರಣ ಇದೆ. ಅಲ್ಲಿ ಹೊರದೇಶದವರ ಮಕ್ಕಳು ಹೆಚ್ಚಾಗಿ ಹೋಗುವುದು ಖಾಸಗಿ ಶಾಲೆಗೆ. ಆದಾಯ ತೆರಿಗೆ ಇಲ್ಲ, ಹಾಗೇ ಶಾಲೆಯ ದುಡ್ಡೂ ನಿಮ್ಮದೇ. ಕೆಲವು ಕಂಪನಿಗಳು ಶಿಕ್ಷಣ ಭತ್ಯೆ ಕೊಡುತ್ತವೆ. ಕೆಲಸದ ಪತ್ರದಲ್ಲಿ ಅದು ಇದೆಯಾ, ಎಷ್ಟು ಮಕ್ಕಳಿಗೆ, ಯಾವ ಕ್ಲಾಸಿನ ತನಕ ಅಂತ ಓದಿ ನೋಡಿ.

ಒಂಬತ್ತನೇ ಕ್ಲಾಸಿಗೋ ಪಿಯುಸಿಗೋ ಊರಿಗೆ ಕಳಿಸುವವರು ಬಹಳ. ಅಜ್ಜಿ ಮನೆ ಇದ್ದರೆ ಖರ್ಚು ಕಡಿಮೆ, ಹಾಸ್ಟೆಲ್ ಆದರೆ ಬೇರೆ ಲೆಕ್ಕ. ಆದರೆ ಹದಿನಾಲ್ಕು ಹದಿನೈದರ ಮಗುವನ್ನು ಅಪ್ಪ ಅಮ್ಮನಿಂದ ದೂರ ಇಡುವುದನ್ನು ಖರ್ಚಿನ ಲೆಕ್ಕದಲ್ಲಿ ಮಾತ್ರ ತೀರ್ಮಾನ ಮಾಡಬೇಡಿ. ಆ ಮಗುವಿನ ಜೊತೆ ಮಾತಾಡಿ. ಇನ್ನು ಎನ್‌ಆರ್‌ಐ ಕೋಟಾದ ಸೀಟಿಗೆ ಕೈ ಹಾಕುವ ಮೊದಲು ನಿಮ್ಮ ಮಗ ಅಥವಾ ಮಗಳು ಸಾಮಾನ್ಯ ಕೋಟಾದಲ್ಲಿ ಸಿಇಟಿಗೆ ಅರ್ಹರಾ ಅಂತ ವಿಚಾರಿಸಿ. ಅರ್ಹತೆಗೆ ಕರ್ನಾಟಕದಲ್ಲಿ ಓದಿದ ವರ್ಷಗಳ ನಿಯಮ ಇರುತ್ತದೆ. ಶುಲ್ಕದಲ್ಲಿ ಅಜಗಜಾಂತರ.

ಖಾಸಗಿ ಕಾಲೇಜಿನ ಫೀಸು, ಡೊನೇಷನ್ ಎಲ್ಲ ಎಲ್ಲಿಂದ ಶುರು ಆಯಿತು?

ಈ ಕಥೆಯಲ್ಲಿ ನಮ್ಮ ನೆಲದ ಪಾಲು ದೊಡ್ಡದು. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಶುರು ಮಾಡಿದರು. ಸರ್ಕಾರದ ದುಡ್ಡಿಗೆ ಕಾಯದೆ, ವಿದ್ಯಾರ್ಥಿಗಳ ದುಡ್ಡಿನಿಂದಲೇ ಕಾಲೇಜು ನಡೆಸುವ ದಾರಿ ಅಲ್ಲಿಂದ ದೇಶಕ್ಕೆ ಗೊತ್ತಾಯಿತು. ಬರಡು ಗುಡ್ಡದ ಮೇಲೆ ಒಂದು ಊರೇ ಎದ್ದಿತು. ಸಾವಿರಾರು ಮನೆಗಳಿಗೆ ಕೆಲಸ ಸಿಕ್ಕಿತು. ಅದನ್ನು ಗೌರವದಿಂದಲೇ ನೆನೆಯಬೇಕು.

ಆದರೆ ಆ ದಾರಿಯಲ್ಲಿ ಆಮೇಲೆ ರಾಜ್ಯದ ತುಂಬ ಕಾಲೇಜುಗಳು ನಡೆದಾಗ ಕ್ಯಾಪಿಟೇಷನ್, ಅಂದರೆ ಸೀಟು ಕೊಡಲು ಫೀಸಿನ ಮೇಲೆ ತೆಗೆದುಕೊಳ್ಳುವ ಡೊನೇಷನ್, ದೊಡ್ಡ ದಂಧೆ ಆಯಿತು. ಕರ್ನಾಟಕ 1984ರಲ್ಲಿ ಅದನ್ನು ನಿಷೇಧಿಸುವ ಕಾನೂನು ತಂದಿತು. 1992ರ ಮೋಹಿನಿ ಜೈನ್ ಪ್ರಕರಣ ನಮ್ಮ ರಾಜ್ಯದ್ದೇ. ಆಗ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟಿಗೆ ಕರ್ನಾಟಕದವರಾದರೆ 25,000, ಹೊರಗಿನವರಾದರೆ 60,000. ಇದು ಸರಿಯಲ್ಲ, ಕ್ಯಾಪಿಟೇಷನ್ ಕಾನೂನಿಗೆ ವಿರುದ್ಧ ಅಂದಿತು ಸುಪ್ರೀಂ ಕೋರ್ಟ್. 2002ರಲ್ಲಿ ಟಿ.ಎಂ.ಎ. ಪೈ ಫೌಂಡೇಷನ್ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಖಾಸಗಿ ಕಾಲೇಜು ನಡೆಸುವುದು ಹಕ್ಕು, ಆದರೆ ಲಾಭಕೋರತನ ಮತ್ತು ಕ್ಯಾಪಿಟೇಷನ್ ಕೂಡದು ಅಂತ ಹೇಳಿತು. ಇವತ್ತು ನೀವು ಕೌನ್ಸೆಲಿಂಗಿನಲ್ಲಿ ನೋಡುವ ಫೀಸಿನ ಪಟ್ಟಿಯ ಹಿಂದೆ ಈ ತೀರ್ಪುಗಳಿವೆ. ರಸೀದಿ ಇಲ್ಲದ ದುಡ್ಡು ಯಾರು ಕೇಳಿದರೂ ಕೊಡಬೇಡಿ.

10 ಲಕ್ಷ ಶಿಕ್ಷಣ ಸಾಲ ತೆಗೆದರೆ ಕಂತು ಎಷ್ಟು ಬರುತ್ತದೆ?

ಇದನ್ನು ಕಾಗದ ಪೆನ್ನು ಹಿಡಿದು ಮಾಡೋಣ. ನಾಲ್ಕು ವರ್ಷದ ಎಂಜಿನಿಯರಿಂಗ್, ಪ್ರತಿ ವರ್ಷದ ಶುರುವಿಗೆ ಎರಡೂವರೆ ಲಕ್ಷದಂತೆ ಬ್ಯಾಂಕ್ ಕೊಡುತ್ತದೆ, ಬಡ್ಡಿ ಶೇ. 10 ಅಂತ ಇಟ್ಟುಕೊಳ್ಳಿ. ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಇಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಮೊದಲ ಎರಡೂವರೆ ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಆಮೇಲೆ ಮೂರು, ಎರಡು. ಒಟ್ಟು ಮೂರೂವರೆ ಲಕ್ಷ. ಕಂತು ಶುರುವಾಗುವ ದಿನ ಸಾಲ 13.5 ಲಕ್ಷ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ 17,840 ರೂಪಾಯಿ. ಕೊನೆಗೆ ಕಟ್ಟಿದ್ದು 21 ಲಕ್ಷದ ಮೇಲೆ.

ಈಗ ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ? ಮೊದಲ ವರ್ಷ ತಿಂಗಳಿಗೆ 2,083. ಎರಡನೇ ವರ್ಷ 4,167. ಮೂರನೇ ವರ್ಷ 6,250. ನಾಲ್ಕನೇ ವರ್ಷದಿಂದ 8,333. ಹೀಗೆ ಮಾಡಿದರೆ ಮಗು ಕೆಲಸಕ್ಕೆ ಸೇರುವಾಗ ಸಾಲ 10 ಲಕ್ಷದಲ್ಲೇ ನಿಂತಿರುತ್ತದೆ, ಕಂತು 13,215. ಹೊಸ ಕೆಲಸಕ್ಕೆ ಸೇರಿ ಬೆಂಗಳೂರಿನಲ್ಲಿ ರೂಮ್ ಬಾಡಿಗೆ ಕಟ್ಟುವ ಹುಡುಗಿಗೆ ಆ ನಾಲ್ಕೂವರೆ ಸಾವಿರದ ವ್ಯತ್ಯಾಸ ಬಹಳ ದೊಡ್ಡದು.

ಸಾಮಾನ್ಯ ನಿಯಮದಲ್ಲಿ 4 ಲಕ್ಷದ ತನಕ ಆಸ್ತಿ ಆಧಾರ ಕೇಳುವುದಿಲ್ಲ. 7.5 ಲಕ್ಷದ ತನಕ ಸರ್ಕಾರದ ಗ್ಯಾರಂಟಿ ವ್ಯವಸ್ಥೆ ಇದೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಒಪ್ಪಿತು. ಆಯ್ದ ಉತ್ತಮ ಸಂಸ್ಥೆಗಳಲ್ಲಿ (ಶುರುವಿಗೆ 860 ಇದ್ದವು) ಸೀಟು ಸಿಕ್ಕಿದರೆ ಆಧಾರ, ಜಾಮೀನು ಬೇಡ. ಮನೆಯ ವರಮಾನ 8 ಲಕ್ಷದ ಒಳಗಿದ್ದು ಬೇರೆ ಸವಲತ್ತು ಪಡೆಯದಿದ್ದರೆ 10 ಲಕ್ಷದ ತನಕದ ಸಾಲಕ್ಕೆ ಓದುವ ಅವಧಿಯಲ್ಲಿ ಶೇ. 3 ಬಡ್ಡಿ ಸರ್ಕಾರದ್ದು. ವರಮಾನ 4.5 ಲಕ್ಷದ ಒಳಗಿದ್ದು ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಆದರೆ ಆ ಅವಧಿಯ ಪೂರ್ತಿ ಬಡ್ಡಿಗೆ ಸಹಾಯ ಇದೆ. ಕಾಲೇಜು ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿ.

ಚಿನ್ನ ಅಡವಿಟ್ಟರೆ ಬೇಗ ಆಗುತ್ತದಲ್ಲ, ಸಾಲದ ಓಡಾಟ ಯಾಕೆ?

ಬೇಗ ಆಗುತ್ತದೆ ನಿಜ. ನಮ್ಮ ಕಡೆ ಸೊಸೈಟಿಗೆ ಬೆಳಗ್ಗೆ ಹೋದರೆ ಮಧ್ಯಾಹ್ನ ದುಡ್ಡು ಕೈಯಲ್ಲಿ. ಬೋಟಿಗೆ ಹೋಗುವವರ ಮನೆಯಲ್ಲಿ ಇದು ಪ್ರತಿ ವರ್ಷದ ಕಥೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ದುಡಿಮೆ ನಿಂತ ತಿಂಗಳಲ್ಲೇ ಶಾಲೆ ಶುರು, ಫೀಸು ಶುರು. ತಾಯಂದಿರ ಸರ ಸೊಸೈಟಿಗೆ ಹೋಗುತ್ತದೆ. ಬೋಟು ಇಳಿದು ಕೈಗೆ ಕಾಸು ಬಂದ ಮೇಲೆ ಬಿಡಿಸಿಕೊಳ್ಳುತ್ತಾರೆ. ಇಂಥ ಎರಡು ಮೂರು ತಿಂಗಳ ತಾಪತ್ರಯಕ್ಕೆ ಚಿನ್ನದ ಸಾಲ ಸರಿ. ಆದರೆ ನಾಲ್ಕು ವರ್ಷದ ಫೀಸಿಗೆ ಬೇಡ. ವರ್ಷ ವರ್ಷ ಬಡ್ಡಿ ಕಟ್ಟಿ ಬದಲಿ ಮಾಡುತ್ತಾ ಹೋದರೆ ಕೊನೆಗೆ ಏಲಂ ನೋಟಿಸು ಬರುತ್ತದೆ.

ಫೀಸನ್ನು ಆಗಸ್ಟಿನ ನಂತರ ಕಂತಿನಲ್ಲಿ ಕಟ್ಟುತ್ತೇವೆ ಅಂತ ಶಾಲೆಗೆ ಬರೆದು ಕೊಡಿ. ಮೀನುಗಾರರ ಮನೆಗಳು ಒಟ್ಟಾಗಿ ಕೇಳಿದರೆ ಒಪ್ಪುವ ಶಾಲೆಗಳಿವೆ. ಇನ್ನೊಂದು ದಾರಿ ಪಿಗ್ಮಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಉಡುಪಿಯಲ್ಲಿ ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ ಮನೆಬಾಗಿಲ ಉಳಿತಾಯ ಅದು. ದಿನಗೂಲಿಯ ಮನೆಗೆ ಈಗಲೂ ಅದಕ್ಕಿಂತ ಹೊಂದುವ ಪದ್ಧತಿ ನಾನು ನೋಡಿಲ್ಲ. ಸೆಪ್ಟೆಂಬರಿನಿಂದ ಮೇ ತನಕ ದಿನಕ್ಕೆ 100 ರೂಪಾಯಿ ಹಾಕಿದರೆ ಜೂನ್‌ಗೆ 27 ಸಾವಿರ ಇರುತ್ತದೆ.

ಸರ್ಕಾರಿ ಶಾಲೆಗೆ ಹಾಕಿದರೆ ಮಗುವಿಗೆ ಅನ್ಯಾಯ ಮಾಡಿದ ಹಾಗೆ ಆಗುವುದಿಲ್ಲವಾ?

ಖಂಡಿತ ಇಲ್ಲ. ಶಾಲೆಗೆ ಹೋಗಿ ನೋಡಿ. ಎಷ್ಟು ಮೇಷ್ಟ್ರು, ಎಷ್ಟು ಮಕ್ಕಳು, ನಾಲ್ಕನೇ ಕ್ಲಾಸಿನ ಮಗು ಗಟ್ಟಿಯಾಗಿ ಓದುತ್ತದಾ, ಶೌಚಾಲಯ ಚೊಕ್ಕ ಇದೆಯಾ. ಚೆನ್ನಾಗಿದ್ದರೆ ಕಣ್ಣು ಮುಚ್ಚಿ ಹಾಕಿ. ಕರಾವಳಿಯ ಎಷ್ಟೋ ಕನ್ನಡ ಶಾಲೆಗಳನ್ನು ಹಳೆ ವಿದ್ಯಾರ್ಥಿಗಳು ಕೈಯಿಂದ ಹಾಕಿ ನಿಲ್ಲಿಸಿಕೊಂಡಿದ್ದಾರೆ. ಹರೇಕಳ ಹಾಜಬ್ಬ ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರಿದ ದುಡ್ಡಿನಿಂದ ತಮ್ಮೂರಿಗೆ ಶಾಲೆ ತಂದರು, 2020ರಲ್ಲಿ ಪದ್ಮಶ್ರೀ ಬಂತು.

ಖಾಸಗಿ ಶಾಲೆಯಲ್ಲಿ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಶೇ. 25ರ ಸೀಟು ಸಿಗುತ್ತದಾ ಅಂತ ಕೇಳುವವರಿಗೆ: ಕರ್ನಾಟಕದಲ್ಲಿ 2019ರಿಂದ ನಿಯಮ ಬದಲಾಗಿದೆ. ನಿಮ್ಮ ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಆ ಸೀಟು ಸಿಗುವುದಿಲ್ಲ.

ಯಾವ ಸ್ಕಾಲರ್‌ಶಿಪ್ಪುಗಳನ್ನು ನಮ್ಮವರು ತಪ್ಪಿಸಿಕೊಳ್ಳುತ್ತಾರೆ?

ಬೀಡಿ ಕಟ್ಟುವ ತಾಯಂದಿರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ಸ್ಕಾಲರ್‌ಶಿಪ್ ಇದೆ. ನಮ್ಮ ಜಿಲ್ಲೆಗಳಲ್ಲಿ ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ ತಾಯಂದಿರು ಎಷ್ಟು ಮಂದಿ! ಗುರುತಿನ ಚೀಟಿ ಪೆಟ್ಟಿಗೆಯಲ್ಲೇ ಇರುತ್ತದೆ, ಅರ್ಜಿ ಹಾಕುವುದಿಲ್ಲ. ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ ಹಾಕಬೇಕು. ರಾಜ್ಯದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ಊಟ-ವಸತಿಗೆ ನೆರವು ಕೊಡುವ ವಿದ್ಯಾಸಿರಿ ಇವೆ. ವೃತ್ತಿಪರ ಕೋರ್ಸಿಗೆ ಅಲ್ಪಸಂಖ್ಯಾತರ ಮತ್ತು ಹಿಂದುಳಿದ ವರ್ಗಗಳ ನಿಗಮಗಳ ಅರಿವು ಸಾಲ ಇದೆ, ಬಡ್ಡಿ ತೀರಾ ಕಡಿಮೆ. ಜಾತಿ-ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಮೊದಲೇ ಸರಿ ಮಾಡಿಟ್ಟುಕೊಳ್ಳಿ. ಹೆಸರಿನ ಒಂದು ಅಕ್ಷರ ಬೇರೆ ಇದ್ದರೂ ದುಡ್ಡು ನಿಲ್ಲುತ್ತದೆ.

ಮಗ, ಮಗಳು ಇಬ್ಬರೂ ಇದ್ದಾರೆ. ಇಬ್ಬರಿಗೂ ಸಾಲ ಮಾಡುವುದು ಕಷ್ಟ.

ಈ ಮಾತಿನ ಮುಂದಿನ ಸಾಲು ನನಗೆ ಗೊತ್ತು. "ಮಗಳಿಗೆ ಹತ್ತಿರದಲ್ಲೇ ಡಿಗ್ರಿ ಸಾಕು, ಮದುವೆಗೂ ಬೇಕಲ್ಲ." ನನ್ನ ಟೇಬಲ್‌ನಲ್ಲಿ ಇದನ್ನು ಕೇಳಿ ಕೇಳಿ ನೊಂದಿದ್ದೇನೆ. ಪಕ್ಕದಲ್ಲಿ ಕೂತ ಹುಡುಗಿ ಅಣ್ಣನಿಗಿಂತ ಜಾಸ್ತಿ ಮಾರ್ಕ್ ತೆಗೆದವಳಾಗಿದ್ದಳು. ಮದುವೆಗೆ ಅಂತ ತೆಗೆದಿಟ್ಟ ದುಡ್ಡಿನಲ್ಲಿ ಓದಿಸಿ. ಶಿಕ್ಷಣ ಸಾಲವನ್ನು ಬ್ಯಾಂಕ್ ಪ್ರತಿ ಮಗುವಿಗೂ ಬೇರೆ ಬೇರೆಯಾಗಿ ಕೊಡುತ್ತದೆ. ಹೆಣ್ಣುಮಕ್ಕಳಿಗೆ ಕೆಲವು ಬ್ಯಾಂಕುಗಳು ಬಡ್ಡಿಯಲ್ಲೂ ರಿಯಾಯಿತಿ ಕೊಡುತ್ತವೆ. ಮಗಳು ಚಿಕ್ಕವಳಾಗಿದ್ದರೆ 10 ವರ್ಷ ತುಂಬುವ ಮೊದಲು ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ. 18 ಆದ ಮೇಲೆ ಓದಿಗೆ ಅರ್ಧದ ತನಕ ತೆಗೆಯಬಹುದು.

ಸಾಲಕ್ಕೆ ಬ್ಯಾಂಕಿಗೆ ಹೋಗುವಾಗ ಏನೇನು ಹಿಡಿದುಕೊಂಡು ಹೋಗಬೇಕು?

ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ. ಸಿಇಟಿ ಅಥವಾ ನೀಟ್ ಸೀಟಿನ ಪತ್ರ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪೂರ್ತಿ ಕೋರ್ಸಿನ ವರ್ಷವಾರು ಖರ್ಚು, ಹಾಸ್ಟೆಲ್ ಸೇರಿ. ಮಗುವಿನ ಮತ್ತು ಅಪ್ಪ ಅಥವಾ ಅಮ್ಮನ ಆಧಾರ್, ಪ್ಯಾನ್. ಸಂಬಳದ ಚೀಟಿ ಅಥವಾ ತಹಶೀಲ್ದಾರರ ಆದಾಯ ಪ್ರಮಾಣಪತ್ರ. ವಿದೇಶವಾದರೆ ಪಾಸ್‌ಪೋರ್ಟ್, ಅಲ್ಲಿನ ವಿಶ್ವವಿದ್ಯಾಲಯದ ಪ್ರವೇಶ ಪತ್ರ. ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಮೊದಲೇ ಅರ್ಜಿ ಹಾಕಿ ಅದರ ಪ್ರಿಂಟ್ ತೆಗೆದುಕೊಳ್ಳಿ. ಮ್ಯಾನೇಜರ್ ಬಾಯಿಮಾತಿನಲ್ಲಿ "ಆಗುವುದಿಲ್ಲ" ಅಂದರೆ ಕಾರಣವನ್ನು ಬರೆದು ಕೊಡಿ ಅಂತ ಕೇಳಿ, ಅದು ನಿಮ್ಮ ಹಕ್ಕು. ಫೀಸು ಕಟ್ಟುವ ಕೊನೆ ದಿನಕ್ಕೆ ಕಡಿಮೆ ಅಂದರೂ ಮೂರು ವಾರ ಮೊದಲು ಹೋಗಿ. ಮಗುವನ್ನೂ ಕರೆದುಕೊಂಡು ಹೋಗಿ, ಸಹಿ ಅವರದ್ದೂ ಬೇಕು.